ಪದ ಪರಿಚಯ: ‘ಸರ್ವ್’ ಎಂಬ ಕ್ರಿಯಾಪದ



ಬಸವ ಜಯಂತಿ ಮುಗಿದ ಕೆಲದಿನಗಳ ಮೇಲೆ ನಮ್ಮ ಬೀದಿಯ ಬಾಲಕಿಯೊಬ್ಬಳು, ಶಾಲೆಯವರು ರಜೆಯಲ್ಲಿ ಬರೆಯಲು ಹೇಳಿದ್ದ ಇಂಗ್ಲಿಷ್ ಪ್ರಬಂಧವನ್ನು ತಿದ್ದಿಸಿಕೊಳ್ಳಲು ತಂದಳು. ದಾಸೋಹದ ವರ್ಣನೆಯಲ್ಲಿ ‘ವಿ ಸರ್ವ್ಡ್ ದ ಪೂರ್’ ಎಂಬ ವಾಕ್ಯವಿತ್ತು. ವ್ಯಾಕರಣದೋಷವೇನೂ ಇರಲಿಲ್ಲ. ಅರ್ಥವನ್ನು ಕೇಳಿ ತಿಳಿದ ಅವಳ ಅಜ್ಜಿ ಮಾತ್ರ, ‘ಬಡವರಿಗೆ ನೀಡಿದಿವಿ ಅಂತ ಯಾಕ ಬರೆದಿ? ನಾವೂ ಅದೇ ಸಾಲಿನಾಗ ಕುಂತು ಉಂಡೀವಲ್ಲ?’ ಎಂದರು. ಈ ತಿಂಗಳ ಪದವನ್ನು ಆ ಪ್ರಶ್ನೆಯೇ ಆರಿಸಿಕೊಟ್ಟಿತು.

‘ಸರ್ವ್’ ಪದದ ಅರ್ಥವನ್ನು ಬಹುಮಟ್ಟಿಗೆ ಅದರ ಜೊತೆಗೆ ಬರುವ ಕರ್ಮಪದವೇ ನಿರ್ಧರಿಸುತ್ತದೆ. ಊಟ ಬಂದರೆ ಬಡಿಸು, ಅತಿಥಿ ಬಂದರೆ ಉಪಚರಿಸು, ದೇಶ ಬಂದರೆ ಸೇವೆ ಸಲ್ಲಿಸು. ‘ಸರ್ವ್ ಎ ನೋಟಿಸ್’ ಎಂದರೆ ನೋಟಿಸು ಜಾರಿ ಮಾಡು. ‘ಸರ್ವ್ ಎ ಸೆಂಟೆನ್ಸ್’ ಎಂದರೆ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸು. ‘ಸರ್ವ್ ದ ಪರ್ಪಸ್’ ಎಂದರೆ ಉದ್ದೇಶ ಈಡೇರಿಸು. ಟೆನ್ನಿಸ್ ಆಟದಲ್ಲಿ ಮೊದಲ ಹೊಡೆತವೂ ‘ಸರ್ವ್’. ‘ಇಟ್ ಸರ್ವ್ಸ್ ಹಿಮ್ ರೈಟ್’ ಎಂಬುದಕ್ಕೆ ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯೇ ತಕ್ಕ ಅನುವಾದ. ಹೋಟೆಲಿನಲ್ಲಿ ಬಡಿಸುವವನೂ ‘ಸರ್ವರ್’. ‘ಇಂದು ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕಚೇರಿಗಳಲ್ಲಿ ಹೇಳಿಸಿಕೊಳ್ಳುವ ಗಣಕಯಂತ್ರವೂ ‘ಸರ್ವರ್’.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕನ್ನಡದಲ್ಲಿ ‘ಅತಿಥಿಗಳಿಗೆ’ ಬಡಿಸುತ್ತೇವೆ. ಆದುದರಿಂದ ಇಂಗ್ಲಿಷಿನಲ್ಲಿಯೂ ‘ಸರ್ವ್ ಟು ದ ಗೆಸ್ಟ್ಸ್’ ಎಂದು ಬರೆದುಬಿಡುತ್ತೇವೆ. ಅದು ತಪ್ಪು. ‘ಸರ್ವ್ ದ ಗೆಸ್ಟ್ಸ್’ ಎಂದರೆ ಸಾಕು. ಬಡಿಸುವ ಪದಾರ್ಥದ ಹೆಸರು ಮೊದಲು ಬಂದಾಗ ಮಾತ್ರ ‘ಟು’ ಬೇಕು: ‘ಸರ್ವ್ ಫುಡ್ ಟು ದ ಗೆಸ್ಟ್ಸ್’.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ಸರ್ವುಸ್’. ಅದರ ಅರ್ಥ ಗುಲಾಮ. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದುದು ಸುಮಾರು 12ನೆಯ ಶತಮಾನದಲ್ಲಿ, ಅಂದರೆ ಕಲ್ಯಾಣದಲ್ಲಿ ಬಸವಾದಿ ಶರಣರು ದಾಸೋಹವನ್ನು ಬದುಕಿನ ನಿಯಮವನ್ನಾಗಿಸಿದ ಶತಮಾನದಲ್ಲಿಯೇ. ‘ಸರ್ವೆಂಟ್’, ‘ಸರ್ವಿಸ್’, ‘ಸಾರ್ಜೆಂಟ್’ ಇವೆಲ್ಲ ಅದೇ ಬಳ್ಳಿಯ ಕಾಯಿಗಳು. ಅರ್ಹನಾಗು ಎಂಬರ್ಥದ ‘ಡಿಸರ್ವ್’ ಕೂಡ ಅಲ್ಲಿಯದೇ: ಚೆನ್ನಾಗಿ ಸೇವೆ ಮಾಡಿದವನು ಪ್ರತಿಫಲಕ್ಕೆ ಅರ್ಹ ಎಂಬ ಭಾವ ಅದರಲ್ಲಿದೆ. ಆದರೆ ‘ಪ್ರಿಸರ್ವ್’, ‘ರಿಸರ್ವ್’, ‘ಅಬ್ಸರ್ವ್’ಗಳು ಈ ಮನೆತನದವಲ್ಲ, ಅವು ಕಾಪಾಡು ಎಂಬರ್ಥದ ಬೇರೊಂದು ಲ್ಯಾಟಿನ್ ಧಾತುವಿನಿಂದ ಬಂದವು.

ದಾಸೋಹದ ಮೂಲದಲ್ಲಿಯೂ ‘ದಾಸ’ನಿದ್ದಾನೆ. ‘ದಾಸೋಹಂ’ ಎಂದರೆ ‘ನಾನು ದಾಸ’ ಎಂದರ್ಥ. ಆದರೆ ‘ಸರ್ವುಸ್’ ಒಡೆಯನ ಬಲಕ್ಕೆ ಅಧೀನನಾದವನು. ಶರಣನಾದರೋ ತಾನಾಗಿಯೇ ಒಲಿದು ದಾಸನಾದವನು. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬ ತ್ರಿವಿಧ ದಾಸೋಹದಲ್ಲಿ ಕೂಲಿಯ ಲೆಕ್ಕವಿಲ್ಲ. ಎದುರಿಗೆ ಕುಳಿತವನು ‘ಡಿಸರ್ವ್’ ಮಾಡುವನೋ ಇಲ್ಲವೋ ಎಂಬ ವಿಚಾರಣೆಯೂ ಇಲ್ಲ. 2019ರಲ್ಲಿ ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಅನ್ನ ಉಂಡು ಅಕ್ಷರ ಕಲಿತ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಬಂದವರು.

‘ಸರ್ವ್’ಗೆ ನಾವು ‘ಸೇವೆ’ ಎನ್ನುತ್ತೇವೆ. ಧ್ವನಿ ಸಮೀಪವಾದರೂ ಒಂದರಿಂದ ಇನ್ನೊಂದು ಹುಟ್ಟಿದುದಲ್ಲ. ಬಳಕೆಯಲ್ಲಂತೂ ದೊಡ್ಡ ವ್ಯತ್ಯಾಸವುಂಟು. ಇಂಗ್ಲಿಷಿನಲ್ಲಿ ಬಡಿಸುವವನು ‘ಸರ್ವ್’ ಮಾಡುತ್ತಾನೆ. ಉಣ್ಣುವವನ ಕ್ರಿಯೆಗೆ ಬೇರೆಯೇ ಪದ. ಕನ್ನಡದಲ್ಲಿ ಬಡಿಸುವವನು ಸೇವೆ ಮಾಡುತ್ತಾನೆ, ಉಣ್ಣುವವನು ಪ್ರಸಾದವನ್ನು ಸೇವಿಸುತ್ತಾನೆ. ಸೌಟು ಹಿಡಿದ ಕೈಗೂ ಎಲೆಯ ಮುಂದಿನ ಕೈಗೂ ನಮ್ಮ ನುಡಿ ಒಂದೇ ಧಾತುವನ್ನು ಹಂಚಿಕೊಟ್ಟಿದೆ. ಕೊಟ್ಟವನು ಮೇಲು, ಪಡೆದವನು ಕೀಳು ಎಂಬ ಮಾತಿಗೆ ಅಲ್ಲಿ ಎಡೆಯೆಲ್ಲಿ?

ಅಜ್ಜಿಗೆ ಇಂಗ್ಲಿಷ್ ಬಾರದು. ಆದರೆ ಮೊಮ್ಮಗಳ ವಾಕ್ಯದಲ್ಲಿ ಇಣುಕಿದ ಈ ಮೇಲು ಕೀಳು ಅವರಿಗೆ ಕೂಡಲೇ ಕಂಡಿತು. ನಾವು ತಿದ್ದಿದ ವಾಕ್ಯ ಹೀಗಿದೆ: ‘ವಿ ಸರ್ವ್ಡ್ ಪ್ರಸಾದ ಟು ಆಲ್, ಅಂಡ್ ಏಟ್ ಇನ್ ದ ಸೇಮ್ ರೋ’. ‘ದಾಸೋಹ’ ಎಂಬ ಪದವನ್ನು ಮಾತ್ರ ಅನುವಾದಿಸದೆ ಹಾಗೆಯೇ ಬಿಟ್ಟೆವು. ಮಕ್ಕಳು ಇಂಗ್ಲಿಷನ್ನು ಚೆನ್ನಾಗಿಯೇ ಕಲಿಯಲಿ. ಆದರೆ ಮನೆಯ ಆಚಾರವನ್ನು ಆ ಭಾಷೆಯಲ್ಲಿ ಬರೆದಾಗ, ಬರೆದುದನ್ನು ಕನ್ನಡದಲ್ಲಿ ಹೇಳಿಸಿ ಒಮ್ಮೆ ಹಿರಿಯರು ಕೇಳಲಿ. ನಾವು ಪಂಕ್ತಿಯಲ್ಲಿ ಎಲ್ಲಿ ಕುಳಿತಿದ್ದೆವೆಂಬುದು ಅದರಿಂದ ನೆನಪಾಗುತ್ತದೆ.