ತಾಯಿಯ ಪಾತ್ರಕ್ಕೆ ನಟನೆ ಏಕೆ?

ಕೆಲವು ದಿನಗಳ ಹಿಂದೆ ನಮ್ಮ ತಾಲ್ಲೂಕಿನ ಒಂದು ಸಭೆಯಲ್ಲಿ ಮಹನೀಯರೊಬ್ಬರು ಚಲನಚಿತ್ರ ಕಲೆಯನ್ನು ಕುರಿತು ಮಾತನಾಡುತ್ತ, "ತಾಯಿಯ ಪಾತ್ರಕ್ಕೆ ನಟನೆ ಏಕೆ? ಸೆರಗನ್ನು ಕಣ್ಣಿಗೊತ್ತಿಕೊಂಡರೆ ಆಯಿತು" ಎಂದರು. ಸಭೆ ನಕ್ಕಿತು. ದಾಕ್ಷಿಣ್ಯಕ್ಕೆ ನಾನೂ ನಕ್ಕೆ. ಆ ನಗೆಯ ಪ್ರಾಯಶ್ಚಿತ್ತಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವರು ಹಾಗೆಂದದ್ದು ಭಟ್ಕಳದ ಪಂಢರಿಬಾಯಿಯವರ ಹೆಸರು ಬಂದಾಗ. ಸಾಯಗಾಂವದಂಥ ಗಡಿಯೂರಿನವರಾದ ನಮಗೆ ಆ ಹೆಸರು ಪರಕೀಯವಲ್ಲ. ಆಷಾಢ ಬಂತೆಂದರೆ ವಿಠಲನನ್ನು ನೆನೆಯುತ್ತ ಪಂಢರಪುರದ ದಾರಿ ಹಿಡಿಯುವವರು ನಮ್ಮ ಸೀಮೆಯಲ್ಲಿದ್ದಾರೆ. ನಾವಾದರೂ ಸ್ವಲ್ಪ ತಿಳಿದು ಮಾತನಾಡಬೇಡವೆ?

ಪೌರಾಣಿಕ ನಾಟಕಗಳಲ್ಲಿ ಪಳಗಿ, 1943ರ 'ವಾಣಿ'ಯಿಂದ ಚಿತ್ರರಂಗಕ್ಕೆ ಬಂದವರು ಆಕೆ. 1952ರ 'ಪರಾಶಕ್ತಿ' ಶಿವಾಜಿ ಗಣೇಶನ್ನರ ಮೊದಲ ಚಿತ್ರ. ಅದರ ನಾಯಕಿ ಪಂಢರಿಬಾಯಿ. 1954ರ 'ಬೇಡರ ಕಣ್ಣಪ್ಪ' ರಾಜಕುಮಾರರು ನಾಯಕರಾದ ಮೊದಲ ಚಿತ್ರ. ಕಣ್ಣಪ್ಪನ ಮಡದಿ ನೀಲೆಯೂ ಪಂಢರಿಬಾಯಿಯೇ. ಎರಡು ಭಾಷೆಗಳ ಇಬ್ಬರು ಮಹಾನಟರು ಹೊಸಬರಾಗಿ ನಿಂತಾಗ ಎದುರಿಗಿದ್ದ ಈಕೆ ಆಗಲೇ ನುರಿತಿದ್ದರು. ಇದನ್ನು ನಾವು ಇವರ ಭಾಗ್ಯವೆಂದು ಬರೆಯುತ್ತೇವೆ. ಅವರ ಭಾಗ್ಯವೆಂದು ಬರೆದವರನ್ನು ನಾನು ಕಾಣೆ.

ಇನ್ನು ವಯಸ್ಸಿನ ಲೆಕ್ಕ. ರಾಜಕುಮಾರರು ಹುಟ್ಟಿದ್ದು 1929ರಲ್ಲಿ. ಈಕೆ ಹೆಚ್ಚುಕಡಿಮೆ ಅವರ ಓರಗೆಯವರು. 1954ರಲ್ಲಿ ಮಡದಿಯಾಗಿದ್ದವರು 1986ರ 'ಅನುರಾಗ ಅರಳಿತು' ಚಿತ್ರದಲ್ಲಿ ಅದೇ ನಾಯಕನ ತಾಯಿ! ನಾಯಕನಿಗೆ ಆಗಲೂ ಪ್ರಣಯದ ಪ್ರಾಯ. ಮೂವತ್ತೆರಡು ವರ್ಷಗಳು ಇಬ್ಬರ ಮೇಲೂ ಹಾದು ಹೋಗಿದ್ದವು. ಮುಪ್ಪನ್ನು ಮಾತ್ರ ಒಬ್ಬರೇ ಹೊತ್ತರು. ಇದರಲ್ಲಿ ರಾಜಕುಮಾರರ ತಪ್ಪೇನೂ ಇಲ್ಲ. ತಪ್ಪು, ಟಿಕೀಟು ಕೊಂಡು ಕೂತ ನಮ್ಮ ಕಣ್ಣಿನದು.

ಎಚ್. ಜಿ. ರಾಧಾದೇವಿಯವರ ಕಾದಂಬರಿಯಿಂದ ಬಂದ ಈ ಚಿತ್ರ 1992ರಲ್ಲಿ ತಮಿಳಿನಲ್ಲಿ 'ಮನ್ನನ್' ಆಯಿತು. ನಾಯಕ ಬದಲಾದ, ರಜನೀಕಾಂತ್ ಬಂದರು. ನಾಯಕಿ ಬದಲಾದಳು. ಭಾಷೆಯೇ ಬದಲಾಯಿತು. ತಾಯಿ ಮಾತ್ರ ಬದಲಾಗಲಿಲ್ಲ: ಅಲ್ಲಿಯೂ ಪಂಢರಿಬಾಯಿಯೇ! ಸೆರಗು ಕಣ್ಣಿಗೊತ್ತುವುದಕ್ಕೆ ಯಾರಾದರೂ ಸಾಕಾಗುವುದಾದರೆ ಮದರಾಸಿನಲ್ಲಿ ಬೇರೆ ಸೆರಗು ಸಿಕ್ಕಲಿಲ್ಲವೆ? ಹಣ ಹೂಡುವವರಿಗೆ ತಿಳಿದದ್ದು ಭಾಷಣ ಮಾಡುವವರಿಗೆ ತಿಳಿಯದೆ ಹೋಯಿತು.

ಅಳುವ ತಾಯಂದಿರೇ ನಮ್ಮ ಚಿತ್ರಗಳಲ್ಲಿ ಹೆಚ್ಚು ಎಂಬ ಮಾತನ್ನು ಒಪ್ಪುತ್ತೇನೆ. ಅದು ಬರೆದವರ ಬಡತನ. ನಾಲ್ಕು ಮಾತು, ಒಂದು ಕೆಮ್ಮು ಕೊಟ್ಟು, ಇದರಲ್ಲೇ ಒಂದು ಜೀವ ಮಾಡಿ ತೋರಿಸು ಎಂದರೆ ನಾಯಕನಟರಲ್ಲಿ ಎಷ್ಟು ಮಂದಿ ಗೆದ್ದಾರು?

1955ರಲ್ಲಿ ಈಕೆ 'ಸಂತ ಸಖು' ಚಿತ್ರದಲ್ಲಿಯೂ ಅಭಿನಯಿಸಿದ್ದರು. ಆ ಕಥೆ ನಮ್ಮ ಕಡೆ ಮುದುಕಿಯರಿಗೂ ಗೊತ್ತು. ಸಖು ಪಂಢರಪುರಕ್ಕೆ ಹೋದಾಗ ವಿಠಲನೇ ಅವಳ ವೇಷ ತೊಟ್ಟು ಮನೆಯ ಚಾಕರಿ ಮಾಡಿದ. ಅತ್ತೆಯ ಬೈಗಳನ್ನೂ ತಿಂದ. ದೇವರು ಸೊಸೆಯ ಪಾತ್ರವನ್ನು ಚಿಕ್ಕದೆನ್ನಲಿಲ್ಲ. 'ಪೋಷಕ ನಟಿ' ಎಂಬ ಪಂಕ್ತಿಯನ್ನು ಬೇರೆ ಹಾಕಿದವರು ನಾವು.

ಪಂಢರಿಬಾಯಿಯವರು 2003ರಲ್ಲಿ ತೀರಿಕೊಂಡರು. ಅವರಿಗೆ ಈ ವಾದ ಬೇಕಿಲ್ಲ. ಸಭೆಯ ಮಹನೀಯರು ಮತ್ತೆ ಸಿಕ್ಕರೆ 'ಬೇಡರ ಕಣ್ಣಪ್ಪ'ನನ್ನೂ 'ಅನುರಾಗ ಅರಳಿತು' ಚಿತ್ರವನ್ನೂ ಒಂದರ ಬೆನ್ನಿಗೊಂದು ತೋರಿಸಬೇಕೆಂದಿದ್ದೇನೆ. ಚಹಾದ ಖರ್ಚು ನನ್ನದು.