ಒಂದು ಬಲ್ಬು ಸತ್ತರೆ ಅರ್ಧ ಸರ ಕತ್ತಲು

ದೀಪಾವಳಿಗೆ ವಾರವಿರುವಾಗ ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿಮುಂಬಯಿಯಲ್ಲಿ, ಮನೆಮನೆಯಲ್ಲೂ ಒಂದೇ ಕೆಲಸ. ಅಟ್ಟದಿಂದ ಕಳೆದ ವರ್ಷದ ಸೀರಿಯಲ್ ಲೈಟಿನ ಗಂಟು ಇಳಿಸಿ, ಸಿಕ್ಕು ಬಿಡಿಸಿ, ಪ್ಲಗ್ಗಿಗೆ ಹಾಕಿ ನೋಡುವುದು. ಅರ್ಧ ಸರ ಉರಿಯುತ್ತದೆ, ಇನ್ನರ್ಧ ಕತ್ತಲು. ಕರಾವಳಿಯವರ ಗೂಡುದೀಪವಿರಲಿ, ಬಯಲುಸೀಮೆಯವರ ಆಕಾಶಬುಟ್ಟಿಯಿರಲಿ, ಇಲ್ಲಿಯವರ ಆಕಾಶಕಂದೀಲಿರಲಿ, ಸುತ್ತಿದ ಸರದ ಹಣೆಬರಹ ಒಂದೇ.

ಕಾರಣ ಸರಳ. ಬಲ್ಬುಗಳು ಒಂದರ ಕೈ ಇನ್ನೊಂದು ಹಿಡಿದು ನಿಂತಿರುತ್ತವೆ. ಒಂದು ಕೈಬಿಟ್ಟರೆ ಆ ಸಾಲಿನ ಕರೆಂಟೇ ನಿಲ್ಲುತ್ತದೆ. ಎಲ್‌ಇಡಿ ಅಷ್ಟು ಬೇಗ ಸಾಯುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕಾಲು ತುಕ್ಕು ಹಿಡಿದು ತುಂಡಾಗುವುದು, ಬೆಸುಗೆ ಬಿಡುವುದೇ ಹೆಚ್ಚು. ಆದ್ದರಿಂದ ಮೊದಲು ಪ್ಲಗ್ ತೆಗೆದು, ಕತ್ತಲಾದ ಭಾಗದ ಒಂದೊಂದು ಬಲ್ಬನ್ನೂ ಕಣ್ಣಿಟ್ಟು ನೋಡಿ. ಹಸಿರುಗಟ್ಟಿದ ಕಾಲು, ಕಪ್ಪಾದ ತಲೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ 3 ವೋಲ್ಟಿನ ಬಿಲ್ಲೆ ಸೆಲ್ಲನ್ನು ಬಲ್ಬಿನ ಎರಡು ಕಾಲಿಗೆ ತಾಗಿಸಿ, ಒಮ್ಮೆ ತಿರುಗಿಸಿಯೂ ನೋಡಿ. ಬದುಕಿದ್ದು ಮಿಣುಕುತ್ತದೆ.

ಹೊಸ ಬಲ್ಬು ಹಾಕುವಾಗ ಬಣ್ಣ ಮುಖ್ಯ. ಕೆಂಪು, ಹಳದಿಗೆ ಸುಮಾರು 2 ವೋಲ್ಟು ಸಾಕು. ನೀಲಿ, ಬಿಳಿಗೆ ಸುಮಾರು 3 ಬೇಕು. ಪ್ರಖರ ನೀಲಿ ಎಲ್‌ಇಡಿ ಮಾಡುವುದೇ ದಶಕಗಳ ತಲೆನೋವಾಗಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ದಿಕ್ಕೂ ಮುಖ್ಯ: ಉದ್ದ ಕಾಲು ಧನ, ಅಂಚು ಚಪ್ಪಟೆಯಾದ ಕಡೆ ಋಣ. ಬೆಸೆದ ಮೇಲೆ ಎರಡೂ ಕಾಲಿಗೆ ಬೇರೆಬೇರೆ ಸ್ಲೀವ್ ಹಾಕಬೇಕು.

ಸತ್ತ ಬಲ್ಬನ್ನು ಕಿತ್ತು ವೈರು ಸೇರಿಸಿಬಿಡುವವರು ಬಹಳ. ಸ್ಥೂಲವಾಗಿ ಲೆಕ್ಕ ಹಾಕೋಣ. 50 ಬಿಳಿ ಬಲ್ಬುಗಳ ಸಾಲು 150 ವೋಲ್ಟು ತಿಂದರೆ 230ರಲ್ಲಿ ಉಳಿದ 80ನ್ನು ರೆಸಿಸ್ಟರ್ ಹೊರುತ್ತದೆ. ಐದು ಬಲ್ಬು ಕಿತ್ತರೆ ಅದರ ಹೊರೆ 95. ಕರೆಂಟು ಸುಮಾರು 19% ಏರುತ್ತದೆ, ರೆಸಿಸ್ಟರಿನ ಬಿಸಿ 40%ರಷ್ಟು. ಉಳಿದ ಬಲ್ಬುಗಳ ಆಯುಷ್ಯವೂ ಕಡಿಮೆಯಾಗುತ್ತದೆ.

ಎಲ್ಲ ಸರವನ್ನೂ ರಿಪೇರಿ ಮಾಡಬೇಕೆಂದೂ ಇಲ್ಲ. ಅಡಾಪ್ಟರ್ ಇರುವ, ಕಡಿಮೆ ವೋಲ್ಟಿನ ಸರವನ್ನು ಧೈರ್ಯವಾಗಿ ಸರಿಮಾಡಿ. ನೇರ ಪ್ಲಗ್ಗಿಗೆ ಹೋಗುವ ಅಗ್ಗದ ಸರದಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಎಲ್ಲಿ ತೊಗಟೆ ಬಿಟ್ಟರೂ ಅಲ್ಲಿ ಮನೆಯ ಕರೆಂಟೇ. ನಾವು ಅದನ್ನು ಕಟ್ಟುವುದು ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ. ಅಕ್ಟೋಬರದಲ್ಲಿ ಹಿಂದಿರುಗುವ ಮಳೆ ಒಂದು ಸಂಜೆ ಬಂದರೆ ಸಾಕು, ಮಕ್ಕಳು ಹಿಡಿದು ನಿಲ್ಲುವುದೂ ಅದೇ ಗ್ರಿಲ್ಲನ್ನು. ಅಂಥ ಸರದ ವೈರು ಒಣಗಿ ಬಿರಿದಿದ್ದರೆ ಬಲ್ಬು ಹುಡುಕಬೇಡಿ, ಪ್ಲಗ್ ಕತ್ತರಿಸಿ ಇ-ತ್ಯಾಜ್ಯಕ್ಕೆ ಕೊಡಿ. ವೈರು ಗಟ್ಟಿಯಿದ್ದರೆ ಸರಿಮಾಡಿ ಒಳಗೆ, ದೇವರ ಮಂಟಪಕ್ಕೆ ಕಟ್ಟಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದೂ ನೋಡಿಕೊಳ್ಳಿ.

ಲೋಹಾರ್ ಚಾಳಿಗೆ ಹೋದರೆ ಹೊಸ ಸರ ಅಗ್ಗಕ್ಕೇ ಸಿಗುತ್ತದೆ, ನಿಜ. ಆದರೆ ಒಂದು ಬಲ್ಬಿಗಾಗಿ ನಲವತ್ತೊಂಬತ್ತನ್ನು ಎಸೆಯುವ ಮೊದಲು ಅರ್ಧ ಗಂಟೆ ಕೊಡಬಹುದು. ಸೆಲ್ಲನ್ನು ಮಕ್ಕಳ ಕೈಗೂ ಕೊಡಿ, ಸತ್ತದ್ದನ್ನು ಅವರೇ ಹುಡುಕಲಿ. ಕೆಲಸ ಮುಗಿದ ಮೇಲೆ ಆ ಸೆಲ್ ಮಾತ್ರ ಅವರ ಕೈಗೆಟುಕದ ಕಡೆ ಇಡಿ. ನುಂಗಿದರೆ ಜೀವಕ್ಕೇ ಅಪಾಯ.