ಎದುರಿಗಿಲ್ಲದವರ ಮಾತು

ಚರ್ಚಿಗೆ ಹೋಗುವವರ ನಡುವೆ ಚಾಡಿಗೆ ಒಂದು ಮರ್ಯಾದಸ್ಥ ಹೆಸರಿದೆ: ಪ್ರಾರ್ಥನಾ ವಿನಂತಿ. ಸಂಜೆಯ ಮನೆಕೂಟ ಮುಗಿಯುವ ಹೊತ್ತಿಗೆ ಯಾರೋ ಒಬ್ಬರು ದನಿ ತಗ್ಗಿಸಿ, "ಅವರ ಮಗಳ ವಿಷಯ ಗೊತ್ತಲ್ಲ ಸಿಸ್ಟರ್, ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ" ಎನ್ನುತ್ತಾರೆ. ಗೊತ್ತಿಲ್ಲದವರು "ಏನಾಯ್ತಂತೆ?" ಎಂದು ಕೇಳಲೇಬೇಕು, ವಿಷಯ ತಿಳಿಯದೆ ಪ್ರಾರ್ಥಿಸುವುದಾದರೂ ಹೇಗೆ? ಆ ಹುಡುಗಿಯ ಸಂಸಾರ ಮುರಿದ ಕಾರಣ, ಗಂಡನ ಮನೆಯವರ ಆಕ್ಷೇಪ, ತಾಯಿಯ ಹಟ, ಎಲ್ಲವೂ ಚಹಾ ಲೋಟಗಳ ಜೊತೆ ಒಂದು ಸುತ್ತು ಬರುತ್ತವೆ. ಆಮೇಲೆ ಪ್ರಾರ್ಥನೆ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಇಲ್ಲಿ ಯಾರೂ ಸುಳ್ಳಾಡಿಲ್ಲ, ಬೈದಿಲ್ಲ, ದನಿ ಏರಿಸಿಲ್ಲ. ಮಾತಿನ ಸಂಯಮವೆಂದರೆ ಮೆತ್ತಗೆ ಮಾತಾಡುವುದು ಅಷ್ಟೇ ಆಗಿದ್ದರೆ ಈ ಕೂಟಕ್ಕೆ ನೂರಕ್ಕೆ ನೂರು ಅಂಕ ಕೊಡಬೇಕು.

ಹಾಗೆ ಅಂಕ ಹಾಕಲು ಕೂತರೆ ಯೇಸುವೇ ನಪಾಸಾಗುತ್ತಾನೆ. ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಕಪಟಿಗಳೆಂದು ಕರೆದವನು ಅವನು. ಆಳುವ ಹೆರೋದನನ್ನು ನರಿ ಎಂದ. ಎಂದದ್ದಷ್ಟೇ ಅಲ್ಲ, ಹೋಗಿ ಅವನಿಗೇ ತಿಳಿಸಿ ಎಂದು ಹೇಳಿಕಳಿಸಿದ. ಅದೇ ಯೇಸು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತಂದು ಜನ ತೀರ್ಪು ಕೇಳಿದಾಗ ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆಯುತ್ತಾನೆ, ಉತ್ತರ ಕೊಡಲು ಆತುರವಿಲ್ಲ. ಅಂದಮೇಲೆ ಕ್ರೈಸ್ತ ಸಂಯಮವನ್ನು ಮಾತಿನ ಖಾರದಿಂದ ಅಳೆಯಲಾಗದು. ಯಾರ ಕುರಿತು ಆಡುತ್ತೇವೋ ಅವರು ಆ ಮಾತನ್ನು ಕೇಳುತ್ತಿದ್ದಾರೆಯೇ, ಉತ್ತರಿಸುವ ಅವಕಾಶ ಅವರಿಗಿದೆಯೇ ಎಂಬುದೇ ಅಳತೆಗೋಲು ಎಂಬುದು ನನ್ನ ವಾದ.

ನಾಲಿಗೆಯ ವಿಷಯ ಬಂದಾಗೆಲ್ಲ ಎಲ್ಲರೂ ತೆರೆಯುವುದು ಯಾಕೋಬನ ಪತ್ರಿಕೆಯ ಮೂರನೆಯ ಅಧ್ಯಾಯ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡಿಗೆ ಹತ್ತುವ ಕಿಡಿ ಎಲ್ಲರಿಗೂ ಬಾಯಿಪಾಠ. ಅಲ್ಲಿಯೇ ಇರುವ ಕಾರಣವನ್ನು ಮಾತ್ರ ಓದಿಯೂ ದಾಟಿಬಿಡುತ್ತೇವೆ. ದೇವರನ್ನು ಸ್ತುತಿಸುವ ಬಾಯಿಂದಲೇ ಮನುಷ್ಯನನ್ನು ಶಪಿಸುವುದು ಯಾಕೆ ತಪ್ಪೆಂದರೆ, ಆ ಮನುಷ್ಯ ದೇವರ ಹೋಲಿಕೆಯಲ್ಲಿ ಉಂಟಾದವನು. ಹಾಗಾಗಿ ಯಾಕೋಬನಿಗೆ ಇದು ಶಿಷ್ಟಾಚಾರದ ಪಾಠವಲ್ಲ, ಆರಾಧನೆಯ ಪ್ರಶ್ನೆ. ಇದೇ ಯಾಕೋಬ ಐದನೆಯ ಅಧ್ಯಾಯಕ್ಕೆ ಬಂದಾಗ, ಹೊಲ ಕೊಯ್ದ ಆಳುಗಳ ಕೂಲಿ ಹಿಡಿದಿಟ್ಟುಕೊಂಡ ಶ್ರೀಮಂತರ ಮೇಲೆ ಬೆಂಕಿ ಕಾರುತ್ತಾನೆ. ನಾಲಿಗೆಗೆ ಕಡಿವಾಣ ಹಾಕು ಎಂದವನು ತಾನೇ ಮರೆತನೇ? ನನಗೆ ಹಾಗೆ ಕಾಣುವುದಿಲ್ಲ. ಧಣಿಗಳನ್ನು "ನೀವು" ಎಂದು ನೇರವಾಗಿ ಕರೆದೇ ಬೈಯುತ್ತಾನೆ.

ಈ ಅಳತೆಯನ್ನು ದಿನನಿತ್ಯದ ನಿಯಮವಾಗಿ ಇಟ್ಟುಕೊಂಡು ನೋಡಿದವರೂ ಇದ್ದಾರೆ. 1935ರಲ್ಲಿ ಜರ್ಮನಿಯ ಸ್ಟೆಟಿನ್ ನಗರದ ಬಳಿ, ಈಗ ಪೋಲೆಂಡಿಗೆ ಸೇರಿರುವ ಫಿಂಕನ್‌ವಾಲ್ಡೆಯಲ್ಲಿ, ಪಾದ್ರಿಗಳಾಗಲಿದ್ದ ಯುವಕರಿಗೆ ಡೀಟ್ರಿಷ್ ಬೊನ್‌ಹೋಫರ್ ಗುರುವಾಗಿದ್ದರು. ಆಗ ಅವರಿಗಿನ್ನೂ 29 ವರ್ಷ. ಹಿಟ್ಲರನ ಆಡಳಿತ ಚರ್ಚಿನೊಳಗೂ ಕೈಹಾಕುವುದನ್ನು ಒಪ್ಪದ ಕನ್ಫೆಸಿಂಗ್ ಚರ್ಚು ನಡೆಸುತ್ತಿದ್ದ ಸೆಮಿನರಿ ಅದು. ಒಟ್ಟಿಗೆ ಊಟ, ಓದು, ಪ್ರಾರ್ಥನೆ. ಅಲ್ಲೊಂದು ನಿಯಮವಿತ್ತು: ಜೊತೆಯವನ ಬಗ್ಗೆ ಅವನಿಲ್ಲದಾಗ ಮಾತಾಡಕೂಡದು, ಬಾಯಿ ತಪ್ಪಿ ಆಡಿಬಿಟ್ಟರೆ ಹೋಗಿ ಅವನಿಗೇ ಹೇಳಬೇಕು. ಎರಡನೆಯ ಭಾಗವೇ ಅದರ ಜೀವಾಳ. ನಿನ್ನ ಪ್ರಸಂಗ ನೀರಸವಾಗಿತ್ತೆಂದು ಇನ್ನೊಬ್ಬನ ಹತ್ತಿರ ಆಡಿಕೊಂಡು ನಕ್ಕೆ ಎಂದು ಮುಖ ನೋಡಿ ಹೇಳುವ ಸಂದರ್ಭ ಎರಡು ಸಲ ಬಂದರೆ ಸಾಕು, ಮೂರನೆಯ ಸಲ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಕಲಿತು ಮುಂದೆ ಬೊನ್‌ಹೋಫರರ ಜೀವನಚರಿತ್ರೆ ಬರೆದ ಎಬರ್‌ಹಾರ್ಡ್ ಬೆಟ್ಗೆ ಪ್ರಕಾರ, ಈ ನಿಯಮ ಮುರಿದು ಮತ್ತೆ ಪಾಲಿಸಲು ಹೊರಟಾಗ ಅಲ್ಲಿದ್ದವರು ಕಲಿತದ್ದು ಹೆಚ್ಚುಕಡಿಮೆ ಪ್ರಸಂಗಗಳಿಂದ ಕಲಿತಷ್ಟೇ ಇತ್ತು.

1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಸೆಮಿನರಿಯನ್ನು ಮುಚ್ಚಿಸಿತು. ಅಲ್ಲಿನ ಬದುಕನ್ನು ನೆನೆದು ಬೊನ್‌ಹೋಫರ್ ಬರೆದ ಸಣ್ಣ ಪುಸ್ತಕ 1939ರಲ್ಲಿ ಹೊರಬಂತು. ಸಹೋದರರಿಗೆ ಮಾಡಬೇಕಾದ ಸೇವೆಗಳಲ್ಲಿ ನಾಲಿಗೆ ಹಿಡಿಯುವುದನ್ನು ಅವರು ಮೊದಲಿಗಿಟ್ಟರು. ಕಿವಿಗೊಡುವುದು, ಕೈಲಾದ ನೆರವು, ಹೊರೆ ಹೊರುವುದು, ವಾಕ್ಯ ಹೇಳುವುದು, ಎಲ್ಲ ಅದರ ಹಿಂದೆ. ಬುದ್ಧಿಮಾತನ್ನು ನೇರವಾಗಿ ಹೇಳಬಹುದು. ಒಬ್ಬನ ಬಗ್ಗೆ ಗುಟ್ಟಾಗಿ ಮಾತಾಡುವುದು ಮಾತ್ರ ನೆರವು ಮತ್ತು ಸದ್ಭಾವದ ಹೆಸರಿನಲ್ಲೂ ಸಲ್ಲದು, ದ್ವೇಷ ಒಳನುಸುಳುವುದೇ ಆ ಮುಸುಕಿನಲ್ಲಿ ಎಂದರು. ನಮ್ಮ ಮನೆಕೂಟಗಳಲ್ಲಿ ಒಂದು ಸಂಜೆ ಕೂತು ಬರೆದಂತಿದೆ.

ಇಷ್ಟು ಬಾಯಿ ಕಟ್ಟಿದ ಮನುಷ್ಯ ಹೊರಗೆ ಬಾಯಿ ಮುಚ್ಚಿ ಕೂರಲಿಲ್ಲ. 1933ರಲ್ಲೇ ಯೆಹೂದ್ಯರ ವಿಷಯದಲ್ಲಿ ಚರ್ಚಿನ ಹೊಣೆ ಏನೆಂದು ಬರೆದರು. ಮೂಕರ ಪರವಾಗಿ ಬಾಯಿ ತೆರೆ ಎಂಬ ಜ್ಞಾನೋಕ್ತಿಯನ್ನು ಮತ್ತೆ ಮತ್ತೆ ನೆನಪಿಸಿದರು. 1940ರಲ್ಲಿ ಸರ್ಕಾರ ಅವರು ಸಾರ್ವಜನಿಕವಾಗಿ ಮಾತಾಡದಂತೆ ನಿಷೇಧ ಹೇರಿತು; 1945ರ ಏಪ್ರಿಲ್ 9ರಂದು ಫ್ಲೋಸನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿತು. ತಾನಾಗಿ ಹಾಕಿಕೊಂಡ ಕಡಿವಾಣ ಬೇರೆ, ಬೇರೆಯವರು ತುರುಕಿದ ಬಾಯಿಬಟ್ಟೆ ಬೇರೆ.

ಸನ್ಯಾಸಿ ಮಠಗಳೂ ಮೌನವನ್ನೇ ಗುರಿ ಮಾಡಿಕೊಂಡವಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ ರಾತ್ರಿಯ ಕೊನೆಯ ಪ್ರಾರ್ಥನೆಯ ನಂತರ ತುಟಿ ಬಿಚ್ಚಬಾರದೆನ್ನುತ್ತದೆ. ಅದರಲ್ಲೂ ವಿನಾಯಿತಿ ಇದೆ: ಅತಿಥಿಗೆ ಬೇಕಾದಾಗ ಮಾತಾಡಬಹುದು.

ಆದರೂ ನಾಲಿಗೆ ಹಿಡಿಯಬೇಕೆಂಬ ಈ ಬೋಧನೆಗೆ ನಿಜವಾದ ಅಪಾಯ ಬಾಯಿಬಡುಕರಿಂದ ಬಂದದ್ದಲ್ಲ, ಅಧಿಕಾರದಲ್ಲಿರುವವರಿಂದ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. (ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವಾಗಿ ಪಾಲಿಸುತ್ತೇವೆ. ಮೊದಲು ಸಭೆಗೆಲ್ಲ ತಿಳಿಯುತ್ತದೆ, ಆಮೇಲೆ ಒಂದಿಬ್ಬರಿಗೆ ಖಾತ್ರಿಯಾಗುತ್ತದೆ, ಸಂಬಂಧಪಟ್ಟವನಿಗೆ ಕಟ್ಟಕಡೆಗೆ.) ಸಮಾನರ ನಡುವಿನ ಈ ಕ್ರಮವನ್ನೇ ಹಿಡಿದು, ಕಿರುಕುಳಕ್ಕೊಳಗಾದ ಹುಡುಗಿಗೆ "ಹೊರಗೆ ಹೇಳಬೇಡಮ್ಮ, ಅವರ ಹತ್ತಿರವೇ ಮಾತಾಡು, ಸಭೆಯ ಹೆಸರು ಹಾಳಾಗುತ್ತದೆ" ಎನ್ನುವ ಹಿರಿಯರೂ ಇರುತ್ತಾರೆ. ಅವರು ಅದೇ ಅಧ್ಯಾಯದ ಒಂಬತ್ತು ವಚನ ಹಿಂದಕ್ಕೆ ಕಣ್ಣಾಡಿಸಬೇಕು. ಚಿಕ್ಕವರಲ್ಲಿ ಒಬ್ಬರನ್ನು ಎಡವಿಸಿದವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ತಳ್ಳುವುದೇ ಮೇಲೆಂದ ಮಾತು ಅಲ್ಲಿದೆ. ಪೊಲೀಸರಿಗೆ ದೂರು ಕೊಡುವುದು ಚಾಡಿಯಲ್ಲ. ದೂರಿಗೆ ಹೆಸರಿದೆ, ರುಜುವಿದೆ, ಎದುರಾಳಿ ಉತ್ತರ ಕೊಡಲು ಜಾಗವಿದೆ. ಚಾಡಿಗೆ ಇವು ಯಾವುವೂ ಇಲ್ಲ.

ಯಾಕೋಬ ನಾಲಿಗೆಯ ಅಧ್ಯಾಯ ಶುರುಮಾಡುವುದು ಬೋಧಕರಿಂದ: ಬೋಧಕರಾಗಲು ತುಂಬ ಜನ ಮುಂದಾಗಬೇಡಿ, ಅವರಿಗೆ ವಿಚಾರಣೆ ಹೆಚ್ಚು ಕಠಿಣ. ಬಾಯಿ ಹಿಡಿಯಿರೆಂದು ಹೆಂಗಸರಿಗೂ ಯುವಕರಿಗೂ ಹೇಳುವ ನಮ್ಮ ಪ್ರಸಂಗಪೀಠಗಳು ಆ ಮೊದಲ ವಚನವನ್ನು ಅಷ್ಟಾಗಿ ಓದುವುದಿಲ್ಲ. ಮೈಕು ಹಿಡಿದು, ಹೆಸರು ಹೇಳದೆ, ಹೋದ ವಾರದ ಕಮಿಟಿ ಸಭೆಯಲ್ಲಿ ಲೆಕ್ಕ ಕೇಳಿದವನನ್ನು ಇಡೀ ಸಭೆಗೆ ಗೊತ್ತಾಗುವಂತೆ ಚುಚ್ಚುವುದು ಸುಲಭ. ಅವನು ಮೂರನೆಯ ಸಾಲಿನಲ್ಲೇ ಕೂತಿದ್ದರೂ ಎದ್ದು ಉತ್ತರಿಸುವಂತಿಲ್ಲ, ಎದುರಿಗಿದ್ದೂ ಇಲ್ಲದವನಾಗುತ್ತಾನೆ. ಫಿಂಕನ್‌ವಾಲ್ಡೆಯ ನಿಯಮದಂತೆ ಆರಾಧನೆ ಮುಗಿದ ಮೇಲೆ ಪಾಸ್ಟರು ಅವನ ಮನೆಗೆ ಹೋಗಿ, ಇವತ್ತು ನಾನು ಹೇಳಿದ್ದು ನಿನ್ನ ಕುರಿತೇ ಎನ್ನಬೇಕು. ಹಾಗೆ ಯಾರೂ ಹೋಗುವುದಿಲ್ಲ, ಹೆಚ್ಚಿನ ಸಲ ಅವನೇ ಮುಂದಿನ ಭಾನುವಾರದಿಂದ ಬೇರೆ ಚರ್ಚು ಹುಡುಕಿಕೊಳ್ಳುತ್ತಾನೆ.